ಹೊಗೆ ಸುಂಕ

ನನ್ನ ಒಲೆಯಿಂದ ಭೂಮಿ ಬಿಸಿ ಆಗ್ತಾ ಐತಂತೆ. ಯಾವನೋ ಕುಡ್ದೋನು ಹೇಳಿದ್ರೆ ಹೋಗತ್ಲಾಗೆ ಅಂತಿದ್ದೆ. ಹೇಳಿದ್ದು ಸರ್ಕಾರದ ಜೀಪಿಂದ ಇಳಿದ ಆಫೀಸರು, ವಿಶ್ವನಾಥ್ ಅಂತ. ಗರಿಗರಿ ಷರಟು, ಕೊರಳಲ್ಲಿ ಕ್ಯಾಮೆರಾ. ಜಪಾನಲ್ಲಿ ದೊಡ್ಡ ಮೀಟಿಂಗ್ ಆಗೈತೆ, ಎಲ್ಲಾ ದೇಶದೋರೂ ಕೂತ್ಕಂಡು ಹೊಗೆ ಕಮ್ಮಿ ಮಾಡ್ಬೇಕು ಅಂತ ಮಾತಾಡವ್ರೆ, ನೀವೂ ಸಹಕಾರ ಕೊಡ್ಬೇಕಮ್ಮ ಅಂದ. ನಂಗೆ ಜಪಾನ್ ಗೊತ್ತಿಲ್ಲ. ನನ್ನ ಒಲೆ ಗೊತ್ತು. ಅದು ಇರೋದು ಪೀಣ್ಯದಲ್ಲಿ, ಫೌಂಡ್ರಿ ಗೇಟಿನ ಪಕ್ಕ, ಮೋರಿ ಮುಚ್ಚಿರೋ ಚಪ್ಪಡಿ ಮೇಲೆ. ಅಲ್ಲಿ ನಿಂತು ತಲೆ ಎತ್ತಿದ್ರೆ ಫೌಂಡ್ರಿ ಚಿಮಣಿ. ಕುಲುಮೆ ಹಚ್ಚಿದ ದಿನ ಅದು ಕಾರೋ ಹೊಗೆ ಮಾದನಾಯಕನಹಳ್ಳಿ ಗಂಟ ಕಾಣ್ತದೆ. ಆ ವಯ್ಯ ತಲೆ ಎತ್ತಲೇ ಇಲ್ಲ. ನನ್ನ ಸೊಂಟಕ್ಕೂ ಬರದ ಡ್ರಮ್ಮಿನ ಮುಂದೆ ಬಗ್ಗಿ ಬಗ್ಗಿ ಫೋಟೋ ಹೊಡ್ಕಂಡ.

ಹೆಂಗಾಯ್ತು ಅಂತ ಹೇಳ್ತೀನಿ. ಮೆತ್ತಗೆ ಹೇಳು ಅಂದ್ರೆ ನಂಗೆ ಬರಲ್ಲ.

ನಾನು ಅಂಜಿನಮ್ಮ. ಪೀಣ್ಯಕ್ಕೆ ಫ್ಯಾಕ್ಟರಿ ಬರೋಕೆ ಮುಂಚಿಂದ ಇರೋ ಹಟ್ಟಿಯೋಳು. ಫ್ಯಾಕ್ಟರಿ ಬಂದ್ವು, ಡಾಂಬರು ರಸ್ತೆ ಬಂತು, ಹಟ್ಟಿ ಮಾತ್ರ ಹಟ್ಟಿಯಾಗೇ ಉಳೀತು. ನನ್ನ ಗಂಡ ಹನುಮಂತಯ್ಯ ಅದೇ ಫೌಂಡ್ರಿಲಿ ಮೋಲ್ಡರ್. ಕರಿ ಮರಳಲ್ಲಿ ಮಂಡಿ ಊರಿ ಅಚ್ಚು ಕಟ್ಟೋ ಕೆಲ್ಸ. ಆ ಅಚ್ಚಿಗೆ ಕರಗಿದ ಕಬ್ಬಿಣ ಹುಯ್ತಾರೆ. ವರ್ಷಾನುಗಟ್ಲೆ ಆ ಮರಳಿನ ಧೂಳು ಕುಡ್ದು ಅವನ ಎದೆ ಕೆಟ್ಟೋಯ್ತು. ನಾಲ್ಕು ಹೆಜ್ಜೆ ಬಿರಬಿರನೆ ನಡೆದ್ರೆ ಕೂತ್ಕಂಡು ಸುಧಾರಿಸ್ಕಬೇಕು. ಕಂಪನಿ ಡಾಕ್ಟ್ರು ಬೀಡಿ ಬಿಡು ಅಂದ. ನನ್ನ ಗಂಡ ಹುಟ್ಟಿದಾಗಿಂದ ಬೀಡಿ ಮುಟ್ಟಿಲ್ಲ. ಆ ಡಾಕ್ಟ್ರಿಗೆ ಏನು ಹೇಳೋದು.

ಮನೆ ನಡೀತಿದ್ದುದು ನನ್ನ ಒಲೆಯಿಂದ. ಹೊಟ್ಟಿನ ಒಲೆ. ಬಣ್ಣದ ಹಳೇ ಡ್ರಮ್ಮು, ಬುಡದಲ್ಲಿ ಒಂದು ತೂತು. ನಡುವೆ ಬಾಟ್ಲಿ ನಿಲ್ಸಬೇಕು, ತೂತಿಗೆ ಕೊಳವೆ ತೂರಿಸ್ಬೇಕು, ಸುತ್ತ ಮರದ ಹೊಟ್ಟು ತುಂಬಿ ಒನಕೆ ತುಂಡಲ್ಲಿ ಗಿಡೀಬೇಕು. ಕೋಳಿ ಕೂಗೋ ಹೊತ್ಗೆ ಶುರು ಮಾಡಿದ್ರೆ ಬಿಸ್ಲು ಬರೋ ಗಂಟ ಅದೇ ಕೆಲ್ಸ. ರಟ್ಟೆ ಬಿದ್ದೋಗ್ತದೆ. ಹೊಟ್ಟು ಕಣ್ಣಿಗೆ, ಮೂಗಿಗೆ, ಕುಪ್ಪಸದೊಳಗೆ. ಸಡಿಲ ಬಿಟ್ರೆ ಕುಸೀತದೆ. ಹಸಿ ಇದ್ರೆ ಹೊಗೆ ಬರ್ತದೆ. ಒಣಗಿದ ಹೊಟ್ಟು ಬಿಗಿಯಾಗಿ ಗಿಡಿದು, ಬಾಟ್ಲಿ ಕೊಳವೆ ಎರಡೂ ಮೆಲ್ಲಗೆ ಎಳ್ಕಂಡ್ರೆ ನಡುವೆ ಗೂಡು ನಿಲ್ತದೆ. ಆಮೇಲೆ ಬೆಂಕಿ ಕೊಟ್ರೆ ಮಧ್ಯಾಹ್ನ ದಾಟೋ ಗಂಟ ಒಂದೇ ಸಮ ಉರಿ, ಹೊಗೆ ಅನ್ನೋದಿಲ್ಲ. ಅದ್ರ ಮೇಲೆ ಮುದ್ದೆ, ಬಸ್ಸಾರು. ಊಟದ ಸೈರನ್ ಆದ್ರೆ ಮೋಲ್ಡರ್‌ಗಳು ಕೈ ತೊಳ್ದು ಬಂದು ಸಾಲಾಗಿ ಕೂರೋರು. ಮೊದಮೊದ್ಲು ಕೆಲವ್ರು ಹಟ್ಟಿಯೋಳ ಕೈ ಮುದ್ದೆ ಅಂತ ಮೂಗು ಮುರಿದ್ರು. ಹಸಿವಾಯ್ತು, ಕೂತ್ರು.

ನನ್ನ ಪಕ್ಕದ ಒಲೆ ಮಲಕವ್ವಂದು. ರಾಯಚೂರು ಕಡೆಯೋಳು. ಕಟ್ಟಡ ಕೆಲ್ಸಕ್ಕೆ ಬಂದೋಳು, ಗಂಡ ಸಾರ್ವೆ ಮೇಲಿಂದ ಬಿದ್ದು ಸತ್ತ ಮೇಲೆ ಇಲ್ಲೇ ಉಳ್ಕಂಡು ಜೋಳದ ರೊಟ್ಟಿ ಸುಡೋಳು. ಆ ಕಡೆ ಹುಡುಗ್ರೆಲ್ಲ ಅವಳ ಗಿರಾಕಿಗಳು. ನಮ್ಮಿಬ್ರಿಗೂ ಆ ಚಪ್ಪಡಿಕಲ್ಲು ಬಿಟ್ರೆ ಬೇರೆ ಗತಿ ಇಲ್ಲ. ಅದು ಹೋದ್ರೆ ನಾವೂ ಹೋದಂಗೆ.

ಆ ವರ್ಷ, ತೊಂಬತ್ತೆಂಟರಲ್ಲಿ, ಪೀಣ್ಯಕ್ಕೆ ಜ್ವರ ಬಂದಂಗಿತ್ತು. ಆರ್ಡರ್ ಇಲ್ಲ ಅನ್ನೋದೊಂದೇ ಮಾತು. ಷೆಡ್ಡುಗಳಿಗೆ ಬೀಗ ಬಿತ್ತು. ದಿನಾ ಹಚ್ತಿದ್ದ ಕುಲುಮೆ ವಾರಕ್ಕೊಂದು ಸಲ ಆಯ್ತು. ಆಮೇಲೆ ಜನಾನ ಮನೆಗೆ ಕಳ್ಸೋಕೆ ಶುರು ಮಾಡಿದ್ರು. ಮೊದ್ಲು ಕೆಮ್ಮೋರನ್ನ ಕಳ್ಸಿದ್ರು. ನನ್ನ ಗಂಡ ಅದ್ರಲ್ಲಿ ಬಂದ. ಕೆಮ್ಮು ಕೊಟ್ಟೋರೂ ಅವ್ರೇ, ಕೆಮ್ತೀಯ ಅಂತ ಕಳ್ಸಿದೋರೂ ಅವ್ರೇ.

ಅವನು ನನ್ನ ಒಲೆ ಪಕ್ಕ ಕೂತು ಪೇಪರ್ ಓದೋನು. ಏಳನೇ ಕ್ಲಾಸ್ ಗಂಟ ಓದವ್ನೆ. ಬಜೆಟ್ ಬಂದ ಮಾರನೇ ದಿನ ಮೋಲ್ಡರ್‌ಗಳು ಮುದ್ದೆ ನುಂಗ್ತಾ ಇದ್ರೆ ಇವನು ಜೋರಾಗಿ ಓದ್ದ. ಕಷ್ಟ ಕಾಲ ಬಂದೈತೆ, ಖಜಾನೆ ಖಾಲಿ ಆಗೈತೆ, ಎಲ್ರೂ ಹೊರೆ ಹೊರಬೇಕು ಅಂತ ಬರೆದಿತ್ತು. ಮುಂದಕ್ಕೆ ಓದಿದ್ರೆ, ಕಾರ್ಖಾನೆ ಮಾಲೀಕ್ರಿಗೆ ಮಾರಾಟ ತೆರಿಗೆ ಮಾಫಿ. ಚಿಮಣಿಗೆ ಮಸಿ ಹಿಡಿಯೋ ಯಂತ್ರ ಹಾಕೋಕೆ ಮೂರು ವರ್ಷ ವಾಯಿದೆ, ಯಾಕಂದ್ರೆ ಪಾಪ ಅವ್ರಿಗೆ ಕಷ್ಟ. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಕಂಪ್ಯೂಟರ್ ಕಂಪನಿಗಳಿಗೆ ತೆರಿಗೆ ರಜಾ. ನಾನು ಸಾರು ಬಿಡ್ತಾ ಬಿಡ್ತಾ ಕೇಳ್ದೆ, ತೆರಿಗೆಗೂ ರಜಾ ಅಂತ ಇರ್ತದಾ ಅಂತ. ಎಲ್ರೂ ನಕ್ರು. ನಂಗೆ ನಗು ಬರ್ಲಿಲ್ಲ. ನಾನು ಸೋಪು ತಗಂಡ್ರೆ ತೆರಿಗೆ. ಬೆಂಕಿಪೊಟ್ಟಣ ತಗಂಡ್ರೆ ತೆರಿಗೆ. ಹವಾಯಿ ಚಪ್ಪಲಿ ಕಿತ್ತೋಗಿ ಇನ್ನೊಂದು ಜೊತೆ ತಗಂಡ್ರೆ ಅದಕ್ಕೂ ತೆರಿಗೆ. ನಾನು ಚಪ್ಪಡಿ ಮೇಲೆ ಕೂತಿದ್ದಕ್ಕೆ ದಿನಾ ಸುಂಕದೋನು ಬಂದು ಕೈ ಒಡ್ತಾನೆ. ಒಂದು ದಿನ ರಜಾ ಕೊಡಯ್ಯ ಅಂದ್ರೆ ಡ್ರಮ್ಮಿಗೆ ಒದೀತಾನೆ.

ಹೊರೆ ಹೊರಬೇಕು ಅಂದ್ರಲ್ಲ, ಆ ಹೊರೆ ಎಲ್ಲಿಗೆ ಬಂತು ಅಂತ ಬೇಗನೇ ಗೊತ್ತಾಯ್ತು. ಪುರಸಭೆಯೋರು ಹೊಸದೊಂದು ತಂದ್ರು. ಪರಿಸರ ಶುಲ್ಕ ಅಂತೆ. ಬೀದೀಲಿ ಒಲೆ ಹಚ್ಚೋರು, ಇಸ್ತ್ರಿಯೋರು, ಕಡ್ಲೆಕಾಯಿ ಹುರಿಯೋರು ಎಲ್ಲಾ ಕಟ್ಬೇಕು. ನಾವು ಅದನ್ನ ಹೊಗೆ ಸುಂಕ ಅಂತಿದ್ವಿ. ಹೊಗೇನೇ ಬರದ ಒಲೆಗೆ ಎಂಥಾ ಸುಂಕ ಅಂತ ನಾನು ಕಟ್ಟಲಿಲ್ಲ. ಮಲಕವ್ವನೂ ಕಟ್ಟಲಿಲ್ಲ. ಬಂದೋನು ಬೈಕಂಡು ಹೋದ.

ಅದೇ ಹೊತ್ಗೆ ರಸ್ತೆ ಆಚೆ ಹೊಸ ಬಡಾವಣೆಯೋರು ಅರ್ಜಿ ಕೊಟ್ಟಿದ್ರು. ಮಹಡಿ ಮೇಲೆ ಒಣಗಾಕಿದ ಬಟ್ಟೆ ಮೇಲೆಲ್ಲ ಮಸಿ ಬೀಳ್ತದೆ, ಮಕ್ಳಿಗೆ ಉಬ್ಬಸ ಬರ್ತದೆ ಅಂತ. ಓದಿದ ಜನ. ಅವ್ರ ಅರ್ಜಿ ಕಸಕ್ಕೆ ಹಾಕೋಕಾಗಲ್ಲ. ಆಫೀಸರು ಏನಾದ್ರೂ ಮಾಡಿ ತೋರಿಸ್ಲೇಬೇಕು. ಚಿಮಣಿ ಮುಟ್ಟಂಗಿಲ್ಲ, ಅದಕ್ಕೆ ವಾಯಿದೆ ಐತೆ. ಮಸಿಗೆ ಬೇರೆ ಯಾರಾದ್ರೂ ಅಪ್ಪನ್ನ ಹುಡುಕ್ಬೇಕಾಗಿತ್ತು.

ಈಗ ನಮ್ಮ ಹೊಟ್ಟು ಎಲ್ಲಿಂದ ಬರ್ತಿತ್ತು ಅನ್ನೋದು ಹೇಳ್ಬೇಕು. ಫೌಂಡ್ರಿ ಒಳಗೆ ಬಡಗಿ ಷೆಡ್ಡು ಐತೆ. ಕಬ್ಬಿಣದಲ್ಲಿ ಏನು ಎರಕ ಹುಯ್ಬೇಕೋ ಅದನ್ನ ಮೊದ್ಲು ಅಲ್ಲಿ ಮರದಲ್ಲಿ ಮಾಡ್ತಾರೆ. ಶನಿವಾರ ಶನಿವಾರ ನಾನೂ ಮಲಕವ್ವನೂ ಆ ಷೆಡ್ಡು ಗುಡ್ಸಿ ಕೊಡೋದು, ಕೂಲಿ ಇಲ್ಲ, ಬದ್ಲಿಗೆ ಹೊಟ್ಟು ನಮ್ದು. ಹಿಂಗೇ ನಡ್ಕಂಡು ಬಂದಿತ್ತು. ಒಳ್ಳೇ ಎರಕದ ಮಾದರಿಗೆ ತೇಗದ ಮರ ಕೊಯ್ತಾರೆ. ಆ ಹೊಟ್ಟು ಸಿಕ್ಕಿದ ವಾರ ನಮಗೆ ಹಬ್ಬ. ತೇಗದ ಹೊಟ್ಟು ಕಂದು ಬಣ್ಣ. ಹಿಡಿದ್ರೆ ಕೈಗೆ ಜಿಡ್ಡು ಹತ್ತಿದಂಗಾಯ್ತದೆ. ನಿಧಾನಕ್ಕೆ ಉರೀತದೆ, ತುಂಬಾ ಹೊತ್ತು ಬರ್ತದೆ.

ಒಂದು ಸಂಜೆ ಫೌಂಡ್ರಿ ವಾಚ್‌ಮನ್ ನಾಲ್ಕು ಮೂಟೆ ತಂದು ನನ್ನ ಮುಂದೆ ಇಳಿಸ್ದ. ಮ್ಯಾನೇಜರ್ ಕೊಟ್ರೇಶಪ್ಪೋರು ಕಳ್ಸವ್ರೆ, ತೇಗದ ಹೊಟ್ಟು, ಈ ಶನಿವಾರ ಗುಡ್ಸೋಕೆ ಬರೋದು ಬೇಡ ಅಂದ. ನಮಗೇನು ಗೊತ್ತು. ಬಾಯಿ ಬಿಚ್ಚಿ ನೋಡಿದ್ವಿ, ಕಪ್ಪಗೆ, ಜಿಡ್ಡು ಜಿಡ್ಡು. ಎಂಥಾ ಹಳೇ ಮರಾನೋ, ಎಷ್ಟು ಜಿಡ್ಡೈತೆ ನೋಡು ಅಂತ ಮಲಕವ್ವ ಖುಷಿ ಪಟ್ಳು. ಮೂಸಿ ನೋಡಿದ್ರೆ ತಿಳೀತಿತ್ತೇನೋ. ಮೋರಿ, ಕರಿ ಎಣ್ಣೆ, ಆಸಿಡ್, ಪೀಣ್ಯದಲ್ಲಿ ಮೂಗು ಇಟ್ಕಂಡು ಯಾರು ಬದುಕ್ತಾರೆ. ಬೆಳಗ್ಗೆ ಎದ್ದು ಇಬ್ರೂ ಡ್ರಮ್ ತುಂಬಾ ಗಿಡಿದ್ವಿ. ಮ್ಯಾನೇಜರ್ ಒಳ್ಳೇಯವ್ನು ಅಂತಾನೂ ಮಾತಾಡ್ಕಂಡ್ವಿ.

ಬೆಂಕಿ ಕೊಟ್ಟು ಮುದ್ದೆಗೆ ಎಸರು ಇಟ್ಟೆ. ಸ್ವಲ್ಪ ಹೊತ್ತು ಸರಿಯಾಗೇ ಇತ್ತು. ಆಮೇಲೆ ಶುರುವಾಯ್ತು ನೋಡಿ. ಕರ್ರಗಿನ ಹೊಗೆ, ದಪ್ಪ ಹೊಗೆ, ಗಂಟಲಿಗೆ ಕಚ್ಚೋ ಹೊಗೆ. ನನ್ನ ಗಂಡ ಕೆಮ್ತಾ ಕೆಮ್ತಾ ರಸ್ತೆ ಆಚೆಗೆ ಓಡ್ದ. ಹೊಟ್ಟಿನ ಒಲೇನ ಊದಿ ಆರಿಸೋಕಾಗಲ್ಲ, ಒಳಗೆ ಹಿಡಿದ ಬೆಂಕಿ ಒಳಗೇ ತಿನ್ತಾ ಹೋಗ್ತದೆ. ನೀರು ಹುಯ್ಯೋಣ ಅಂತ ಬಿಂದಿಗೆ ಎತ್ತೋ ಹೊತ್ಗೆ ಜೀಪು ಬಂತು. ಹಿಂದೆ ಪುರಸಭೆ ಲಾರಿ. ಕಾದಿದ್ದು ಬಂದಂಗೆ ಬಂದ್ರು. ಅವತ್ತು ಕುಲುಮೆ ಹಚ್ಚಿರ್ಲಿಲ್ಲ. ಚಿಮಣಿ ಸುಮ್ನೆ ನಿಂತಿತ್ತು.

ಆಗ್ಲೇ ಆ ವಿಶ್ವನಾಥ್ ಜಪಾನಿನ ಮಾತು ಹೇಳಿದ್ದು. ಹೊಗೆ ಹೆಚ್ಚಿದ್ರೆ ಭೂಮಿ ಕಾಯ್ತದೆ, ಮಳೆ ತಪ್ತದೆ, ಬಡವ್ರಿಗೇ ಮೊದ್ಲು ಏಟು ಅಂತ ತಿಳಿಸಿ ಹೇಳ್ದ. ಸುಳ್ಳು ಅಂತ ನಾನು ಹೇಳ್ತಿಲ್ಲ. ಇರಬೋದು. ಆ ಏಟು ಹೊಡ್ಯೋಕೆ ಅವನೇ ಬಂದಿದ್ನಲ್ಲ, ಅದು ಹೇಳ್ತಿದೀನಿ. ಒಲೆ ಪಕ್ಕ ನಿಂತ್ಕೊಮ್ಮ ಅಂದ. ಸೆರಗು ಮುಖದಿಂದ ತೆಗಿ ಅಂದ. ಕಣ್ಣಲ್ಲಿ ನೀರು ಸುರೀತಾ ಇತ್ತು, ಮೂಗು ಸೋರ್ತಿತ್ತು, ಮುಖಕ್ಕೆಲ್ಲ ಮಸಿ. ಹಂಗೇ ಫೋಟೋ ತೆಗ್ದ. ಮಾರನೇ ದಿನ ಪೇಪರಲ್ಲಿ ಬಂತು. ಪೀಣ್ಯದ ಹೊಗೆಗೆ ಬೀದಿ ಒಲೆಗಳೇ ಕಾರಣ ಅಂತ ಮೇಲೆ, ಕೆಳಗೆ ನನ್ನ ಮುಖ. ಕಳ್ಳೀನ ಹಿಡ್ದು ನಿಲ್ಸಿದಂಗಿತ್ತು.

ಲಾರಿಯೋರು ಡ್ರಮ್ಮುಗಳನ್ನ ರಸ್ತೆ ಮೇಲೇ ಬೋರಲು ಹಾಕಿದ್ರು. ಬಸ್ಸಾರು ಮೋರಿಗೆ ಹೋಯ್ತು. ಮಲಕವ್ವನ ರೊಟ್ಟಿ ಬುಟ್ಟಿ ಕಾಲಡಿ ಸಿಕ್ತು. ಖಾಲಿ ಡ್ರಮ್ಮು ಲಾರಿಗೆ ಎಸ್ಕಂಡು ಹೊರಟ್ರು. ಶುಲ್ಕ ಕಟ್ಟಿ ಲೈಸೆನ್ಸ್ ಮಾಡ್ಸಿ, ಇಲ್ಲಾಂದ್ರೆ ಈ ಕಡೆ ಕಾಲು ಇಡ್ಬೇಡಿ ಅಂತ ಹೇಳಿ ಹೋದ್ರು. ಊಟದ ಸೈರನ್ ಆಯ್ತು. ಮೋಲ್ಡರ್‌ಗಳು ಬಂದು ನೋಡಿ ನೀರು ಕುಡ್ದು ಹೋದ್ರು.

ಬೂದಿ ಆರಿದ ಮೇಲೆ ಮಲಕವ್ವ ಗುಡ್ಸೋಕೆ ಹೋದ್ಳು. ಪೊರಕೆಗೆ ಏನೋ ಸಿಕ್ಕೊಂಡು ಕರಕರ ಅಂತು. ಬಗ್ಗಿ ನೋಡಿದ್ರೆ ಬೂದಿ ತುಂಬಾ ಕಬ್ಬಿಣದ ಸಿಪ್ಪೆ. ಸುರುಳಿ ಸುರುಳಿ. ತೇಗದ ಮರದೊಳಗೆ ಕಬ್ಬಿಣ ಎಲ್ಲಿಂದ ಬರ್ಬೇಕು? ನನ್ನ ಗಂಡ ಒಂದು ಹಿಡಿ ಅಂಗೈ ಮೇಲೆ ಇಟ್ಕಂಡು ನೋಡ್ದ. ಲೇತ್ ಷೆಡ್ಡಲ್ಲಿ ಯಂತ್ರದಿಂದ ನೆಲಕ್ಕೆ ಎಣ್ಣೆ ಸುರೀತದೆ, ಅದನ್ನ ಹೀರೋಕೆ ಹೊಟ್ಟು ಚೆಲ್ತಾರೆ, ಕಬ್ಬಿಣದ ಸಿಪ್ಪೆನೂ ಅದ್ರ ಮೇಲೇ ಬೀಳ್ತದೆ ಅಂದ. ನಾವು ತೇಗ ಅಂತ ಖುಷಿ ಪಟ್ಟಿದ್ದು ಆ ಹೊಟ್ಟು. ಎಣ್ಣೆ ಕುಡ್ದ ಹೊಟ್ಟು ಕೊಟ್ಟು, ಕುಲುಮೆ ಆರ್ಸಿ, ಜೀಪು ಕರ್ಸಿದ್ರು. ನಂಗೆ ಮೈಯೆಲ್ಲ ಉರೀತು. ತಿನ್ನೋ ಅನ್ನಕ್ಕೆ ಮಣ್ಣು ಹಾಕಿದ್ದಲ್ಲದೆ ನನ್ನ ಕೈಯಲ್ಲೇ ಹಾಕ್ಸಿದ್ರಲ್ಲ.

ಒಲೆ ಇಲ್ದೆ ದಿನಗಳು ಹೋದ್ವು. ನಾನು ಬಡಾವಣೆ ಮನೆಗಳಿಗೆ ಪಾತ್ರೆ ತಿಕ್ಕೋಕೆ ಕೇಳ್ಕಂಡು ಹೋದೆ. ಒಬ್ಳು ಪುಣ್ಯಾತ್ಗಿತ್ತಿ ಪೇಪರಲ್ಲಿ ನೋಡಿದ್ನಲ್ಲ ನಿನ್ನ ಅಂತ ಬಾಗಿಲು ಹಾಕಂಡ್ಳು.

ಆಮೇಲೆ ಒಂದಿನ ಮ್ಯಾನೇಜರ್ ಕೊಟ್ರೇಶ್ ಸ್ಕೂಟರಲ್ಲಿ ಹಟ್ಟಿಗೆ ಬಂದ. ಹಟ್ಟಿ ಒಳಗೆ ಬರ್ಲಿಲ್ಲ. ರಸ್ತೆ ಮೇಲೇ ನಿಂತು ಹೇಳಿ ಕಳ್ಸಿದ. ನಾನು ಹೋದೆ, ಮಲಕವ್ವನೂ ಬಂದ್ಳು. ಜೂನ್ ಐದನೇ ತಾರೀಕು ಪರಿಸರ ದಿನ, ಫೌಂಡ್ರಿಲೇ ಕಾರ್ಯಕ್ರಮ, ಮಾಲೀಕ್ರು ರಾಮಪ್ರಸಾದ ಸಾಹೇಬ್ರು ದೊಡ್ಡ ದೊಡ್ಡ ಆಫೀಸರುಗಳನ್ನ ಕರ್ದವ್ರೆ ಅಂದ. ಅವ್ರಿಗೆಲ್ಲ ನಾಟಿ ಊಟ ಬೇಕಂತೆ. ಹೋಟ್ಲು ಊಟ ತಿಂದು ಬೇಜಾರಾಗೈತಂತೆ. ಮುದ್ದೆ, ಬಸ್ಸಾರು, ರೊಟ್ಟಿ, ಎಣಗಾಯಿ. ಅದೂ ಹೊಟ್ಟಿನ ಒಲೆ ಮೇಲೆ ಮಾಡಿದ್ದೇ ಆಗ್ಬೇಕು, ರುಚಿ ಅದಕ್ಕೇ ಬರೋದಂತೆ. ಡ್ರಮ್ಮು ಪುರಸಭೆಯಿಂದ ಒಂದು ದಿನದ ಮಟ್ಟಿಗೆ ತರಿಸ್ತಾನಂತೆ.

ನಾನು ಕಿವಿ ಸರಿ ಐತಾ ಅಂತ ನೋಡ್ಕಂಡೆ. ಇನ್ನೂ ಐತೆ ಕೇಳಿ. ಸ್ಟೇಜ್ ಮೇಲೆ ಹತ್ತಿ ಮೈಕಲ್ಲಿ ನಾನು ಒಂದು ಮಾತು ಹೇಳ್ಬೇಕು. ನಮ್ಮ ಒಲೆಯಿಂದ ಪರಿಸರ ಕೆಡ್ತಿತ್ತು, ತಪ್ಪಾಯ್ತು, ಇನ್ಮೇಲೆ ಶುಲ್ಕ ಕಟ್ತೀವಿ ಅಂತ. ಹೇಳಿದ್ರೆ ಲೈಸೆನ್ಸು ಸಿಕ್ತದೆ, ನಮ್ಮ ಚಪ್ಪಡಿ ನಮಗೆ. ಆದ್ರೆ ಬಡ್ಸೋಕೆ ಮಾತ್ರ ಬರ್ಬೇಡಿ, ಅದಕ್ಕೆ ಬೇರೆ ಜನ ಅವ್ರೆ, ನೀವು ಷೆಡ್ಡಿನ ಹಿಂದೆನೇ ಇರಿ ಅಂದ. ತಪ್ಪೊಪ್ಕೊಳ್ಳೋಕೆ ಎಲ್ರ ಮುಂದೆ, ಅನ್ನ ಬಡ್ಸೋಕೆ ಷೆಡ್ಡಿನ ಹಿಂದೆ. ನಾನು ಅವತ್ತಿಂದ ಮಡಿಲಲ್ಲಿ ಕಟ್ಕಂಡಿದ್ದ ಕಬ್ಬಿಣದ ಸಿಪ್ಪೆ ತೆಗ್ದು ಅವನ ಸ್ಕೂಟರ್ ಸೀಟಿನ ಮೇಲಿಟ್ಟೆ. ಅವನು ನೋಡ್ದ. ಮುಖ ಒಂಚೂರೂ ಕೆಡ್ಸಿಕೊಳ್ಳಲಿಲ್ಲ.

“ನೋಡಮ್ಮ, ಟೈಮ್ ಸರಿ ಇಲ್ಲ. ಕಂಪನಿ ಉಳಿದ್ರೆ ನೀವೂ ಉಳೀತೀರ. ಯೋಚನೆ ಮಾಡು,” ಅಂದು ಸಿಪ್ಪೆ ಒರೆಸಿ ಹಾಕಿ ಹೊರಟೋದ.

ಮಲ್ಕೊಳ್ಳೋ ಮುಂಚೆ ಮಲಕವ್ವ ನಮ್ಮ ಬಾಗಿಲಿಗೆ ಬಂದು ಕೂತ್ಳು. ಎರಡು ದಿನದಿಂದ ಅವಳ ಮನೆ ಒಲೇನೂ ಹಚ್ಚಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು. “ಹೂಂ ಅನ್ನಬೇ ಯವ್ವಾ. ಜಾಗಾ ಹೋದ್ರ ಎಲ್ಲಿಗೆ ಹೋಗೂಣು ನಾವು. ಒಂದ್ ಮಾತ ಅಂದ್ರ ಬಾಯಿ ಏನ್ ಸವೀತೈತೇನು?” ಅಂದ್ಳು. ನನ್ನ ಗಂಡ ಗೋಡೆ ಕಡೆ ತಿರುಗಿ ಕೆಮ್ತಾ ಇದ್ದ. ಅವನ ಔಷಧಿ ಮುಗ್ದು ವಾರ ಆಗಿತ್ತು. ನಾನು ಆಯ್ತು ಅಂದೆ. ಸುಳ್ಳು ಯಾಕೆ ಹೇಳ್ಲಿ, ನಿಜವಾಗ್ಲೂ ಹೇಳ್ಬಿಟ್ಟು ಬರೋಣ ಅಂತಾನೇ ಹೋಗಿದ್ದು.

ಪರಿಸರ ದಿನ ಫೌಂಡ್ರಿ ಮದುವೆ ಮನೆ ಆಗಿತ್ತು. ಶಾಮಿಯಾನ, ಬಾಳೆ ಕಂಬ, ಕುಂಡದಲ್ಲಿ ಗಿಡ. ಚಿಮಣಿಗೆ ಹಸಿರು ಬಟ್ಟೆ ಸುತ್ತಿದ್ರು. ನಾವಿಬ್ರೂ ಷೆಡ್ಡಿನ ಹಿಂದೆ ಕಸದ ಗುಡ್ಡೆ ಪಕ್ಕ. ಈ ಸಲ ಹೊಟ್ಟು ನಾನೇ ಒಳಗೆ ಹೋಗಿ ಆರಿಸಿ ತಂದಿದ್ದೆ, ಒಳ್ಳೇ ತೇಗದ್ದು. ದೊಡ್ಡ ಹಂಡೆ ಮುದ್ದೆ. ಹಂಡೆ ಅಲ್ಲಾಡದಂಗೆ ಎರಡು ಕಾಲಲ್ಲೂ ಕವೆಗೋಲು ಅದುಮಿ ಹಿಡಿದು ತಿರುವಿದ್ರೆ ಸೊಂಟ ಮುರೀತು. ತಿರುವ್ತಾ ಇರೋವಾಗ್ಲೇ ಕೊಟ್ರೇಶ್ ಬಂದು ಆ ಮಾತು ನನ್ನ ಬಾಯಿಂದ ಹೇಳ್ಸಿ ಹೇಳ್ಸಿ ನೋಡ್ದ. ಪರಿಸರ ಅನ್ನೋದು ನನ್ನ ಬಾಯಲ್ಲಿ ಸರಿಯಾಗಿ ಬರ್ತಿಲ್ಲ ಅಂತ ಮತ್ತೆ ಹೇಳ್ಸಿದ. ಹೇಳ್ದೆ.

ಕರೆದ್ರು. ಹೋಗಿ ಸ್ಟೇಜಿನ ಮೆಟ್ಟಿಲ ಹತ್ರ ನಿಂತೆ. ಮುಂದೆ ಸೋಫಾಗಳಲ್ಲಿ ದೊಡ್ಡೋರು. ಹಿಂದೆ ಕಬ್ಬಿಣದ ಕುರ್ಚಿಗಳಲ್ಲಿ ಮೋಲ್ಡರ್‌ಗಳು, ಕೈಯಲ್ಲಿ ಒಂದೊಂದು ಚಿತ್ರಾನ್ನದ ಪೊಟ್ಟಣ. ನಾಟಿ ಊಟ ಅವ್ರಿಗಲ್ಲ. ರಾಮಪ್ರಸಾದ ಸಾಹೇಬ ಮಾತಾಡ್ತಿದ್ದ. ಉದ್ಯಮ ನಡ್ಸೋದು ಎಷ್ಟು ಕಷ್ಟ, ಆದ್ರೂ ಪರಿಸರದ ಮೇಲೆ ನಮಗೆ ಎಷ್ಟು ಕಾಳಜಿ, ಸರ್ಕಾರ ನಮ್ಮ ಕಷ್ಟ ತಿಳ್ಕಂಡು ತೆರಿಗೆ ಬಿಟ್ಟೈತೆ, ವಾಯಿದೆ ಕೊಟ್ಟೈತೆ ಅಂತ ಕೈ ಮುಗ್ದ. ಆಮೇಲೆ ವಿಶ್ವನಾಥ್ ಎದ್ದ. ಇದು ತ್ಯಾಗ ಮಾಡೋ ಕಾಲ, ಪ್ರತಿಯೊಬ್ರೂ ಅವ್ರವ್ರ ಪಾಲು ಕೊಡ್ಬೇಕು, ಬೀದಿಲಿ ಅಡುಗೆ ಮಾಡೋ ಈ ಬಡ ಹೆಂಗಸ್ರು ತಾವಾಗೇ ಮುಂದೆ ಬಂದವ್ರೆ, ಇವ್ರನ್ನ ನೋಡಿ ಕಲೀಬೇಕು ಅಂದ. ಚಪ್ಪಾಳೆ ಹೊಡೆದ್ರು. ತಾವಾಗೇ ಅಂದ್ನಲ್ಲ, ಕೊಟ್ರೇಶ್ ಹೇಳ್ಕೊಟ್ಟಿದ್ದ ಮಾತು ನಾನು ಅಲ್ಲಿಗೇ ಬಿಟ್ಟೆ.

ಮೈಕ್ ಕೈಗೆ ಕೊಟ್ರು.

“ನಾನು ತಪ್ಪು ಮಾಡಿಲ್ಲ. ನಾನು ಸುಂಕ ಕಟ್ಟಲ್ಲ,” ಅಂದೆ. “ನಿಮ್ಮೂಟ ಬೆಂದಿರೋದು ಅದೇ ಒಲೆ ಮೇಲೆ. ಷೆಡ್ಡಿನ ಹಿಂದೆ ಐತೆ, ಎದ್ದು ಬಂದು ನೋಡಿ. ಅದ್ರ ಸುಂಕ ಯಾರು ಕಟ್ತೀರ? ಸಾಹೇಬ್ರಿಗೆ ಮೂರು ವರ್ಷ ಕೊಟ್ರಿ. ನಂಗೆ ಒಂದು ಬಿಂದಿಗೆ ನೀರು ಹುಯ್ಯೋ ಅಷ್ಟು ಹೊತ್ತು ಕೊಟ್ರಾ?”

ಮೈಕ್ ಆರ್ಸಿದ್ರು. ರಸ್ತೆಯಿಂದಾಚೆ ಇರೋರ್ನ ಊಟಕ್ಕೆ ಕೂಗಿ ಬೆಳೆದ ಗಂಟ್ಲು ನಂದು, ಮೈಕ್ ಯಾಕೆ ಬೇಕು. ಎಣ್ಣೆ ಹೊಟ್ಟಿನ ಕತೆ ಎಲ್ಲಾ ಹೇಳ್ದೆ. ಕೊಟ್ರೇಶನ ಕಡೆ ಬೆಟ್ಟು ಮಾಡಿ ಹೇಳ್ದೆ. ವಿಶ್ವನಾಥ್ ವಾಚ್ ನೋಡ್ಕಂಡ. ಸೋಫಾದ ಮೇಲಿಂದ ಒಬ್ಬ ದೊಡ್ಡಾಫೀಸರು ನಕ್ಕಂಡು, ಊಟ ಆಗ್ಲಿ, ಆಮೇಲೆ ಅಹವಾಲು ಕೇಳೋಣ ಅಂದ.

ಊಟ ಆಗ್ಲಿ ಅಂತೆ. ಕೆಳಗಿಳಿದು ಷೆಡ್ಡಿನ ಹಿಂದಕ್ಕೆ ಹೋದೆ. ಹಂಡೆ ಕಿವಿಗೆ ಬೊಂಬು ತೂರಿಸ್ದೆ. ಒಂದು ಕಡೆ ಹೆಗಲು ಕೊಟ್ಟೆ. ಇನ್ನೊಂದು ಕಡೆ ಯಾರು ಅಂತ ಯೋಚ್ನೆ ಮಾಡಿರ್ಲಿಲ್ಲ. ಮಲಕವ್ವ ನಿಂತಿದ್ಳು. ಅವಳ ಕಣ್ಣಲ್ಲಿ ನೀರಿತ್ತು, ನಾನು ಜಾಗ ಕಳೆದ್ನಲ್ಲ ಅಂತ ಬೈತಾಳೆ ಅಂದ್ಕಂಡೆ. ಹಾಟ್ಯಾನಾಕಿ, ಹಾಳಾಗಿ ಹೋಗು ಅಂತ ಬೈದ್ಳು ಕೂಡ. ಬೈಕಂತಲೇ ಬಂದು ಬೊಂಬಿಗೆ ಹೆಗಲು ಕೊಟ್ಳು. ಸೋಫಾಗಳ ಮುಂದೇನೇ ಹಾದು ಗೇಟು ದಾಟಿದ್ವಿ. ಅವಳೇ ತಿರುಗಿ ಹೋಗಿ ಸಾರಿನ ಪಾತ್ರೆನೂ ರೊಟ್ಟಿ ಬುಟ್ಟಿನೂ ಹೊತ್ತು ತಂದ್ಳು. ನಮ್ಮ ಚಪ್ಪಡಿ ಮೇಲೆ ಇಟ್ಕಂಡು ಕೂತ್ವಿ.

ಸಾಹೇಬ ಗೇಟ್ ಹಾಕ್ಸಿದ. ಊಟಕ್ಕೆ ಬನ್ರೋ ಅಂತ ಕೂಗ್ದೆ. ಯಾರೂ ಬರ್ಲಿಲ್ಲ. ಗೇಟಿನ ಸರಳಿನ ಆಚೆ ಕೊಟ್ರೇಶ್ ಕೈ ಕಟ್ಕಂಡು ನಿಂತಿದ್ದ, ಯಾವನು ಬರ್ತಾನೆ ನೋಡೋಣ ಅಂತ. ಕೆಲ್ಸ ಇಲ್ದ ಕಾಲದಲ್ಲಿ ಕೆಲ್ಸ ಇರೋನು ಮುದ್ದೆಗೋಸ್ಕರ ಎದ್ದು ಬರ್ತಾನಾ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಬೈದೆ. ನನ್ನ ಉಪ್ಪು ತಿಂದೋರು ಒಬ್ರೂ ಇಲ್ವಾ ಅಂದೆ. ಬಾಯಿಗೆ ಬಂದಿದ್ದೆಲ್ಲ ಅಂದೆ. ಅಳು ಬಂತು, ಅತ್ತೆ.

ಸರಳಿನ ಸಂದಿಂದ ಒಂದು ಕೈ ಬಂತು. ಕರಿ ಮರಳು ಹತ್ತಿದ ಕೈ. ಯಾರದ್ದು ಅಂತ ಮುಖ ನೋಡ್ಲಿಲ್ಲ, ಮುದ್ದೆ ಇಟ್ಟೆ. ಇನ್ನೊಂದು ಬಂತು. ಆಮೇಲೆ ಸರಳು ಕಾಣ್ದಂಗೆ ಕೈಗಳು. ಸಾರು ಬಿಡೋಕೆ ಆಗಲ್ಲ, ಬರೀ ಮುದ್ದೆ, ಮೇಲೆ ಒಂಚೂರು ಉಪ್ಪು. ನಿಂತ್ಕಂಡೇ ನುಂಗಿದ್ರು. ಒಳಗೆ ದೊಡ್ಡೋರು ಎದ್ದು ಹಿಂದಿನ ಗೇಟಲ್ಲಿ ಕಾರು ಹತ್ತಿದ್ರು. ಹಂಡೆ ತಳ ಕಾಣೋ ಹೊತ್ಗೆ ಪೊಲೀಸ್ ವ್ಯಾನು ಬಂತು, ಮೈಕಲ್ಲಿ ಮಾತಾಡಿದೋಳು ಇವ್ಳೇ ಅಂತ ನನ್ನೊಬ್ಳನ್ನೇ ಹತ್ತಿಸ್ಕಂಡು ಹೋದ್ರು.

ಮಾರನೇ ದಿನ ಕೋರ್ಟು. ಬೀದೀಲಿ ಒಲೆ ಹಚ್ಚಿ ಹೊಗೆ ಮಾಡಿದ್ದು, ಸುಂಕ ಕಟ್ದೇ ಇದ್ದಿದ್ದು, ಸರ್ಕಾರಿ ಕಾರ್ಯಕ್ರಮಕ್ಕೆ ಅಡ್ಡಿ ಮಾಡಿದ್ದು ಅಂತ ನನ್ನ ಮೇಲೆ ಕೇಸು. ಜಡ್ಜು ತಲೆ ಎತ್ತಿ ತಪ್ಪು ಒಪ್ಕೊಂಡು ದಂಡ ಕಟ್ಟಿದ್ರೆ ಈಗ್ಲೇ ಮನೆಗೆ ಹೋಗ್ಬೋದು, ಇಲ್ಲಾಂದ್ರೆ ಹದಿನೈದು ದಿನ ಒಳಗಿರ್ಬೇಕಾಯ್ತದೆ ಅಂದ್ರು. ಯೋಚನೆ ಮಾಡೋಕೆ ಹೊರಗೆ ಬಿಟ್ರು.

ಹೊರಗೆ ಗಂಡ ನಿಂತಿದ್ದ. ಮಲಕವ್ವ ನಿಂತಿದ್ಳು. ಅವ್ರ ಹಿಂದೆ ಮೋಲ್ಡರ್‌ಗಳು. ಸರಳೊಳಗಿಂದ ಕೈ ಚಾಚಿದೋರನ್ನೆಲ್ಲ ಕೊಟ್ರೇಶ್ ಬೆಳಗ್ಗೆ ಗೇಟಲ್ಲೇ ವಾಪಸ್ ಕಳ್ಸಿದ್ನಂತೆ. ಅವ್ರೇ ಅಲ್ಲಿ ಇಲ್ಲಿ ಕೇಳಿ ದಂಡದ ದುಡ್ಡು ಸೇರ್ಸಿದ್ರು. ಗಂಡ ಅದನ್ನ ಕರ್ಚೀಫಲ್ಲಿ ಗಂಟು ಕಟ್ಕಂಡು ಬಂದಿದ್ದ. ಕಟ್ಬಿಟ್ಟು ಬಾ ಅಂದ. ನೀನಿಲ್ದೆ ನಾನು ಹೆಂಗಿರ್ಲಿ ಅಂತಾನೂ ಅಂದ. ಮದುವೆ ಆದಾಗಿಂದ ಆ ಮಾತು ಆಡಿದೋನಲ್ಲ. ಅವನ ಮುಖ ನೋಡೋಕಾಗ್ಲಿಲ್ಲ.

“ಕಟ್ಟಿದ್ರೆ ನಾನು ಹೊಗೆ ಮಾಡ್ದೆ ಅಂತ ಆಯ್ತದೆ,” ಅಂದೆ. “ಚಿಮಣಿ ಮಸಿ ನಾನು ಹೊರಲ್ಲ. ಈ ದುಡ್ಡಲ್ಲಿ ಹಳೇ ಡ್ರಮ್ಮು ಎರಡು ತಗಂಡು ಅದೇ ಚಪ್ಪಡಿ ಮೇಲೆ ಇಡಿ. ಇವತ್ತೇ ಇಡಿ. ಅವ್ರು ಎತ್ಕಂಡು ಹೋದ್ರೆ ಇನ್ನೆರಡು ಇಡಿ.”

ಮುದ್ದೆ ಯಾರು ಮಾಡ್ತಾರೆ ಅಂತ ಒಬ್ಬ ಮೋಲ್ಡರ್ ಕೇಳ್ದ.

“ನಾ ಮಾಡ್ತೀನಿ,” ಅಂದ್ಳು ಮಲಕವ್ವ.

ಒಳಗೆ ಹೋಗಿ ದಂಡ ಕಟ್ಟಲ್ಲ ಅಂತ ಹೇಳ್ದೆ. ವ್ಯಾನಿಗೆ ಹತ್ತಿಸಿದ್ರು. ಕಿಟಕಿ ಜಾಲರಿಯಿಂದ ಮಲಕವ್ವಂಗೆ ಎಸರು ಎಷ್ಟು, ಹಿಟ್ಟು ಎಷ್ಟು ಅಂತ ಕೂಗಿ ಹೇಳ್ದೆ, ಕೇಳಿಸ್ತೋ ಇಲ್ವೋ. ರೊಟ್ಟಿ ನಾಡಿನೋಳು, ಅವಳು ಹುಟ್ಟಿದಾಗಿಂದ ಕವೆಗೋಲು ಹಿಡಿದಿಲ್ಲ. ಮುದ್ದೆ ಗಂಟು ಗಂಟು ಆಯ್ತದೆ. ಆಗ್ಲಿ. ತಿಂತಾರೆ.